ಮೇಜಿನ ಕೆಳಗೆ

ಹಾಸನದ ಕ್ರೀಡಾಂಗಣ, ತಗಡಿನ ಗೂಡು,
ಮೈಕಿನ ಮುಂದೆ ಇನಾಸ್.
ಹದಿನಾಲ್ಕು ವರ್ಷ ಎಡ ಅಂಚಿನಲ್ಲಿ ಓಡಿದವನಿಗೆ
ಈಗ ಮಾತಿಗಿಷ್ಟು ಅಂತ ಸಂಬಳ.

ಮಂಡಿ ಹೋದ ಮೇಲೆ ನಾಲಿಗೆ ಬಂತು ಅಂತಾನೆ,
ಎಲೆಯಡಿಕೆ ಉಗಿದು ಬಂದು ಕೂರ್ತಾನೆ.

ಸೌಂಡು ನೋಡುವವ ನಾನು. ನನಗೆ ಕೇಳುತ್ತೆ
ನಿಮಗೆ ಕೇಳಿಸದ್ದು:
ಪ್ರತಿ ಪಾಸಿಗೂ ಮೇಜಿನ ಕೆಳಗೆ ಅವನ ಎಡಗಾಲು
ಪ್ಲೈವುಡ್ಡಿಗೆ ಒದೆಯೋದು.
ಅಲ್ಲೊಂದು ತಗ್ಗೇ ಬಿದ್ದಿದೆ, ಬಟ್ಟಲಷ್ಟು.

ನಿನ್ನೆ ಸಕಲೇಶಪುರದ ಹುಡುಗ ಪೆನಾಲ್ಟಿಗೆ ನಿಂತ.
ಇನಾಸ್ ಸುಮ್ಮನಾದ.
ಒಂಬತ್ತು ಸೆಕೆಂಡು ಊರ ರೇಡಿಯೋಗಳಲ್ಲಿ ಬರೀ ಗಾಳಿ.
ಕಾಲೂ ಅಲ್ಲಾಡಲಿಲ್ಲ.

ಚೆಂಡು ಕಂಬಕ್ಕೆ ಬಡಿದು ಈಚೆ ಬಂತು.

"ಹೋಗ್ಲಿ ಬಿಡು ಮಗಾ," ಅಂದ.
ಮೈಕು ತೆರೆದೇ ಇತ್ತು.

ಕಚೇರಿಯಿಂದ ಮೆಮೊ ಬಂದಿದೆ:
ಸ್ಕೋರು ಯಾಕೆ ಹೇಳಲಿಲ್ಲ?