ತಂಪು

ಅಜ್ಜಿಯ ಎಡಗೆನ್ನೆಯಲ್ಲಿ ಹನ್ನೊಂದು ಕುಳಿ.
ಎಣಿಸಿದ್ದೇನೆ, ಬೆರಳಿಟ್ಟು, ಅವಳು ನಿದ್ದೆಯಲ್ಲಿದ್ದಾಗ.
ಸಿಡುಬು ಅಂದವಳಲ್ಲ ಒಂದು ದಿನವೂ.
ಅಮ್ಮ ಬಂದಿದ್ದಳು ಕಣೇ, ಅನ್ನುವಳು
ನೆಂಟರ ಸುದ್ದಿ ಹೇಳುವ ಹಾಗೆ.
ಬೇವಿನ ಸೊಪ್ಪು ಹಾಸಿದೆವು, ಮೊಸರನ್ನ ಇಟ್ಟೆವು,
ಅವಳಿಗೆ ತಂಪು ಬೇಕು ನೋಡು.

ಈಗ ನನಗೆ ಸಂಬಳ ಕೊಡುವುದೂ ತಂಪೇ.
ಯಶವಂತಪುರದಾಚೆ, ಮೂರನೇ ಮಹಡಿ,
ಎರಡರಿಂದ ಎಂಟು ಡಿಗ್ರಿ.
ಕರೆಂಟು ಹೋಗಿ ಜನರೇಟರು ಕೆಮ್ಮುವವರೆಗಿನ
ಹನ್ನೆರಡು ಸೆಕೆಂಡು
ನಾನು ಉಸಿರು ಬಿಡುವುದಿಲ್ಲ.

ನರ್ಸು ಗಂಗಲಕ್ಷ್ಮಮ್ಮ ಹೇಳಿದ್ದು:
ಹೆಗಲಲ್ಲಿ ನೀಲಿ ಡಬ್ಬ, ಗೊರಗುಂಟೆಪಾಳ್ಯದಲ್ಲಿ
ಬಸ್ಸು ನಿಂತರೆ ನಿಂತಿತು,
ಐಸು ಕರಗುವ ಸದ್ದು ಅವಳೊಬ್ಬಳಿಗೇ ಕೇಳುತ್ತದಂತೆ.
ಪೀಣ್ಯದ ಹಿಂದಿನ ತಗಡಿನ ಮನೆಗಳ ಮುಂದೆ
ಡಬ್ಬ ತೆರೆದು, ಶೀಶೆ ಎತ್ತಿ, ಬೆಳಕಿಗೆ ಹಿಡಿದರೆ
ಲೇಬಲ್ಲಿನ ಪುಟ್ಟ ಬಿಳಿ ಚೌಕ ಕಪ್ಪಾಗಿತ್ತು.
ಆಸ್ಪತ್ರೆಯ ಫ್ರಿಜ್ಜು ಕೆಟ್ಟು ನಿಂತಿದ್ದು
ಯಾರಿಗೂ ಗೊತ್ತಿರಲಿಲ್ಲ.
ಚೌಕಕ್ಕೆ ಗೊತ್ತಿತ್ತು.
ನಾಳೆ ಬನ್ನಿ, ಅಂದಳು, ಸಾಲಿನಲ್ಲಿದ್ದ ತಾಯಂದಿರಿಗೆ.
ನಾಳೆ ಅವರಿಗೆ ಬೇರೆ ಊರು, ಬೇರೆ ಕಟ್ಟಡ.

ಅದಕ್ಕೇ ಸಕ್ಕರೆ ಹಿಡಿದು ಕೂತಿದ್ದೇವೆ.
ಲಸಿಕೆಯನ್ನು ಸಕ್ಕರೆಯೊಳಗೆ ಒಣಗಿಸಿ
ಗಾಜಿನಂತೆ ಗಟ್ಟಿಯಾಗಿಸಿ
ಬಿಸಿಲಿಗೆ ಹೆದರಬೇಡ ಅಂತ ಕಲಿಸಬೇಕು.
ಬೋರ್ಡಿನ ತುಂಬ ಡಾಕ್ಟರ್ ತಬಸ್ಸುಮ್ ಬರೆದ ಲೆಕ್ಕ
ನನಗೆ ಅರ್ಥವಾದದ್ದು ಮನೆಯಲ್ಲಿ, ಉಂಡೆ ಕಟ್ಟುವಾಗ:
ಒಂದೆಳೆ ಪಾಕಕ್ಕೆ ನಿಲ್ಲುವುದಿಲ್ಲ,
ಎರಡೆಳೆಗೆ ಕಲ್ಲು.
ನಲವತ್ತೊಂದನೇ ಸಲವೂ ಬಿರುಕು ಬಿಟ್ಟಿತು.
ತಬಸ್ಸುಮ್ ಏನೂ ಅನ್ನಲಿಲ್ಲ. ಕನ್ನಡಕ ಒರೆಸಿಕೊಂಡರು,
ಆಗಲೇ ಒರೆಸಿದ್ದನ್ನು.

ನಲವತ್ತೆರಡನೆಯದು ಮೂರು ಕಡೆ ಕಾಯುತ್ತಿದೆ:
ಫ್ರಿಜ್ಜಿನಲ್ಲಿ, ಮೇಜಿನ ಮೇಲೆ,
ನಲವತ್ತು ಡಿಗ್ರಿಯ ಪೆಟ್ಟಿಗೆಯಲ್ಲಿ.
ಯಾವ ದಾಖಲೆಯಲ್ಲೂ ಇಲ್ಲದ ನಾಲ್ಕನೆಯದು,
ಲಸಿಕೆಯಿಲ್ಲದ ಬರೀ ಸಕ್ಕರೆ,
ನಮ್ಮ ಬೀದಿಯ ಪ್ಲೇಗಮ್ಮನ ಗುಡಿಯ ಕಿಟಕಿಯಲ್ಲಿ,
ಏಪ್ರಿಲ್ಲಿನ ಬಿಸಿಲು ನೇರ ಬೀಳುವಲ್ಲಿ.
ಏನಮ್ಮ ಇದು, ಹರಕೆಯಾ? ಅಂದರು ಪೂಜಾರಿ.
ಹೂಂ, ಅಂದೆ.

ಇದರಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು.
ಆದರೂ ಕೆಲಸ ಮುಗಿಸಿ ಬರುವಾಗ ಇಣುಕುತ್ತೇನೆ.
ನೂರಿಪ್ಪತ್ತು ವರ್ಷದಿಂದ ತಂಪು ಬೇಡುತ್ತ ಕೂತವಳೇ,
ಇದೊಂದಕ್ಕೆ ಬೇಡದಿರಲಿ.

ಇವತ್ತಿಗೆ ಇಪ್ಪತ್ತಾರು ದಿನ.
ಶೀಶೆ ಮುಟ್ಟಿದರೆ ಬೆರಳು ಸುಡುತ್ತದೆ,
ಒಳಗೆ ಒಂದು ಗೆರೆಯೂ ಇಲ್ಲ.
ಪಕ್ಕದಲ್ಲಿ ಯಾರೋ ಬೆಳಿಗ್ಗೆ ಇಟ್ಟ ಎಡೆ,
ಮೊಸರನ್ನ,
ಆಗಲೇ ಹುಳಿ ಬಂದಿದೆ.