ಸವೆದ ಕಡೆ

ಅರ್ಜಿಯಲ್ಲಿ ಒಂದು ಕಾಲಂ: ಆಯುಧ ಯಾಕೆ ಬೇಕು.
ಆತ್ಮರಕ್ಷಣೆ ಅಂತ ಬರೆದೆ.
ಇಷ್ಟವಾಯಿತು ಅಂತ ಬರೆದರೆ
ಡಿಸಿ ಆಫೀಸಿನ ಮೇಜು ದಾಟುತ್ತದೆಯೇ ಫೈಲು?
ಕೋಡಿಬಾಗದ ನನ್ನ ಎರಡು ಕೋಣೆಗೆ
ಏರಿ ಬಂದದ್ದು ಇಷ್ಟೇ: ಸೊಳ್ಳೆ, ಸಕ್ಕರೆ ಕಾಯಿಲೆ.

ಮೂವತ್ತೊಂದು ವರ್ಷ ಬೈತಖೋಲದ ವರ್ಕ್‌ಶಾಪಿನಲ್ಲಿ
ಬೋಟಿನ ಇಂಜಿನ್ನು ಬಿಚ್ಚಿದವನು ನಾನು.
ಬೇರಿಂಗ್ ಮುಟ್ಟಿದರೆ ಹೇಳಬಲ್ಲೆ
ತಾಂಡೇಲ ಕುಡುಕನೋ, ಅವಸರದವನೋ,
ಮನೆಯ ಸಿಟ್ಟನ್ನು ಗಿಯರಿನ ಮೇಲೆ ತೀರಿಸುವವನೋ.
ಕಬ್ಬಿಣ ಚಾಡಿ ಹೇಳುತ್ತದೆ,
ಸುಳ್ಳು ಹೇಳಿದ್ದು ನಾ ಕಾಣೆ.

ಪೆಡ್ನೇಕರ, ಹಂದಿ ಓಡಿಸುವ ತೋಟಾಕೋವಿಗಳ ಹಿಂದಿನಿಂದ
ಎಣ್ಣೆಬಟ್ಟೆಯ ಗಂಟು ತೆಗೆದು ಬಿಚ್ಚಿದ.
ಮೂವತ್ತೆರಡರ ವೆಬ್ಲಿ. ಆರು ಮನೆ.
ನಡು ಮುರಿದು ತೆರೆಯುವಂಥದ್ದು.
"ಬ್ರಿಟಿಷ್ ಸಾಹೇಬನದು. ಅಣಶಿ ಘಟ್ಟದಲ್ಲಿ ಇದರಿಂದಲೇ ಹುಲಿ..."
ಮೂವತ್ತೆರಡಕ್ಕೆ ಹುಲಿಯೇ?
ನಕ್ಕು ನಕ್ಕು ಸತ್ತಿರಬೇಕು ಪಾಪ.
"ಬೇಕಾದರೆ ಬೆಳಗಾವಿಗೆ ಕಳಿಸಿ ಹೊಸ ಬಣ್ಣ ಏರಿಸುತ್ತೇನೆ,
ಮದುಮಗನ ಹಾಗೆ ಆಗುತ್ತದೆ."
ಮುಟ್ಟಬೇಡ ಮಾರಾಯ, ಎಂದೆ.

ಕಿಟಕಿಯ ಬೆಳಕಿಗೆ ಹಿಡಿದೆ.
ಮೈಯೆಲ್ಲ ಚಿಪ್ಪಿಕಲ್ಲಿನ ಬೆನ್ನಿನ ನೀಲಿ,
ನಳಿಗೆಯ ತುದಿಗೆ ಮಾತ್ರ ನೀಲಿ ಹೋಗಿ ಬೆಳ್ಳಿ:
ಚರ್ಮದ ಚೀಲದೊಳಗೆ ಹೋಗಿ ಬಂದು, ಹೋಗಿ ಬಂದು.
ಎಡ ಪಕ್ಕೆಯಲ್ಲಿ ಸಾಸಿವೆ ಸಿಡಿದಂತೆ ತುಕ್ಕಿನ ಕುಳಿ:
ಎಷ್ಟೋ ಮಳೆಗಾಲ ಅದೇ ಮಗ್ಗುಲಲ್ಲಿ ಮಲಗಿತ್ತು.
ಮೂರು ಕಡೆ ಕೊರೆದ ನಂಬರು, ಮೂರೂ ಒಂದೇ;
ಹುಟ್ಟಿದಾಗ ಜೊತೆಗಿದ್ದವರು ಇನ್ನೂ ಜೊತೆಗೇ.
ಹಿಡಿಯ ಬುಡದ ಉಂಗುರ ಒಳಗಡೆ ಸವೆದು
ತಂತಿಯಷ್ಟು ತೆಳು.
ಹಗ್ಗ ಪೋಣಿಸಿ ಕೊರಳಿಗೆ ಹಾಕಿಕೊಂಡವನು ಯಾರೋ,
ಕಾಲ ಕೆಳಗೆ ನೆಲ ನಿಲ್ಲದವನು,
ನೀರಿನ ಮೇಲಿನವನು.
ಆದರೆ ಆರು ಮನೆಯೂ ಕನ್ನಡಿ!
ಮದ್ದಿನ ಮಸಿ ಒಂದರ ಗೋಡೆಗೂ ಹಿಡಿದಿಲ್ಲ.
ಹಿಡಿಯ ಮರದಲ್ಲಿ ಎರಡು ಸಣ್ಣ ತಗ್ಗು.
ಕತ್ತಲಲ್ಲಿ ದೋಣಿಯ ಅಂಚಿಗೆ ಬಡಿದದ್ದು, ತೀರ್ಮಾನಿಸಿದೆ.

ಹುಲಿಯ ಬೆಲೆ ಕಳೆದು
ಉಳಿದದ್ದು ಎಣಿಸಿಕೊಟ್ಟೆ.

ರಿಜಿಸ್ಟರಿನಲ್ಲಿ ಹಳೆಯ ಹೆಸರಿತ್ತು: ಮಾಂಜ್ರೇಕರ, ಕಸ್ಟಮ್ಸ್.
ಸುಂಕೇರಿಯಲ್ಲಿ ಮಗಳಿದ್ದಾಳೆ, ಪ್ರಫುಲ್ಲಾ,
ಅಂಚೆ ಕಚೇರಿಯಿಂದ ನಿವೃತ್ತಳು.
ಯಾಕೆ ಹೋದೆನೋ. ಪರೀಕ್ಷೆ ಬರೆದ ಹುಡುಗ
ಮಾರ್ಕು ಕೇಳಲು ಹೋದಂತೆ ಹೋದೆ.

"ಹೌದು, ಅಪ್ಪ ಲಾಂಚಿನಲ್ಲಿದ್ದ. ದುಬೈ ಬಿಸ್ಕತ್ತು ಬರುತ್ತದೆ ಅಂತ
ದೇವಗಡದ ದೀಪದಾಚೆ ರಾತ್ರಿಯೆಲ್ಲ.
ಹೊಡೆದದ್ದು ಕೇಳಿಲ್ಲ.
ಬೆಳಗ್ಗೆ ಬಾವಿಕಟ್ಟೆಯಲ್ಲಿ ವಾಂತಿ ಮಾಡುವುದು ಕೇಳುತ್ತಿತ್ತು.
ಸಮುದ್ರ ಅವನಿಗೆ ಆಗುತ್ತಿರಲಿಲ್ಲ."
ನಾನು ಒಂದೊಂದಕ್ಕೂ ತಲೆಯಾಡಿಸಿದೆ, ಒಳಗೇ ಸರಿ ಗುರುತು ಹಾಕುತ್ತ.
ಆಗ ಅವಳು ಚಹಾದ ಲೋಟ ಕೆಳಗಿಟ್ಟಳು.
"ಹಿಡಿಯಲ್ಲಿ ಎರಡು ಗುರುತು ಇನ್ನೂ ಇದೆಯೇ?
ಹಲ್ಲು ಬರುವಾಗ ನಾನು ಸಿಕ್ಕಿದ್ದೆಲ್ಲ ಕಚ್ಚುತ್ತಿದ್ದೆನಂತೆ.
ಗುಂಡು ತೆಗೆದು ಕೈಗೆ ಕೊಟ್ಟನಂತೆ ಅಪ್ಪ.
ಆಯಿ ನಾಲ್ಕು ದಿನ ಮಾತು ಬಿಟ್ಟಿದ್ದಳು."

ಇದೆ, ಎಂದೆ.
ದೋಣಿಯ ಅಂಚಿನ ವಿಷಯ ಎತ್ತಲಿಲ್ಲ.

ಗುಂಡು ಕೊಂಡಿಲ್ಲ ಇನ್ನೂ.
ತಿಂಗಳಿಗೊಮ್ಮೆ ನಡು ಮುರಿದರೆ
ಒಳಗಿನ ನಕ್ಷತ್ರ ಮೇಲೆದ್ದು, ಎಸೆಯಲು ಏನೂ ಇಲ್ಲದೆ
ಟಕ್ಕೆಂದು ಮರಳಿ ಕೂರುತ್ತದೆ.
ಮರಕ್ಕೆ ಎಣ್ಣೆ ಸವರುವಾಗ ಆ ಎರಡು ತಗ್ಗಿಗೆ
ಬಟ್ಟೆ ಸಾಲದು, ಬೆರಳೇ ಆಗಬೇಕು.

ಮೊನ್ನೆ ಚುನಾವಣೆ ಅಂತ ಠಾಣೆಗೆ ಒಪ್ಪಿಸಿದೆ.
ಎಡ ಮಗ್ಗುಲಲ್ಲಿ ಇಡಬೇಡಿ, ಎಂದೆ.
ಪೇದೆ ನನ್ನನ್ನೊಮ್ಮೆ, ಅದನ್ನೊಮ್ಮೆ ನೋಡಿ
ರಸೀದಿಯಲ್ಲಿ ಬರೆದ:
ಹಳೆಯದು. ಸವೆದಿದೆ.