ಒಳಸಾಲು

ಹಾಸನದ ಬಿ.ಎಂ. ರಸ್ತೆ, ಹೋಟೆಲಿನ ಎರಡನೇ ಮಹಡಿ.
ಹತ್ತಕ್ಕೆ ‘ವಂಚನೆ ಮತ್ತು ವೃತ್ತಿನೀತಿ’,
ಒಂಬತ್ತೂವರೆಗೆ ಉಪ್ಪಿಟ್ಟು.
ಲೆಕ್ಕಿಗರು ನಲವತ್ತು ಜನ, ಖಾಲಿಯಾದ ತಟ್ಟೆ ಐವತ್ತೆರಡು.
ತಾಳೆ ನೋಡಿದವರಿಲ್ಲ.

ಮಂಗಳೂರಿಂದ ಬಂದ ಮೇಡಂ ಪರದೆಯ ಮೇಲೆ
ಒಂದು ಗೋದಾಮು ತೋರಿಸಿದರು, ಯಾವ ಊರಿನದೋ.
ನನ್ನ ಮೂಗಿಗೆ ಬಡಿದದ್ದು ಆಲೂರಿನದು:
ಹೊಸ ಗೋಣಿಯ ಎಣ್ಣೆವಾಸನೆ, ಮಾರ್ಚ್ ಮೂವತ್ತೊಂದು,
ಕಾಫಿ ಮೂಟೆ ಅಡ್ಡಕ್ಕೆ ಹದಿನಾಲ್ಕು, ಎತ್ತರಕ್ಕೆ ಒಂಬತ್ತು,
ಒಳಕ್ಕೆ ಹನ್ನೊಂದಿದೆ ಅಂದರು.
ಗುಣಿಸಿದೆ. ಗುಣಾಕಾರದಲ್ಲಿ ತಪ್ಪಿರಲಿಲ್ಲ.

ತೂಕದ ಗುಮಾಸ್ತ ಜವರಪ್ಪ, ಟವೆಲಿನಲ್ಲಿ ಬಾಯಿ ಒರೆಸುತ್ತಾ
ಗೋಡೆಗೆ ಹೇಳುವಂತೆ ಹೇಳಿದ್ದ:
‘ಹಿಂದ್ಲ ಸಾಲು ಒಂದ್ಸಲ ಚುಚ್ಚಿ ನೋಡ್ಬೇಕಿತ್ತು ಸಾ.’
ಹೊರಗೆ ಧಣಿಯ ಜೀಪು ಕಾಯುತ್ತಿತ್ತು, ಊಟ ಆರುತ್ತಿತ್ತು.
ನಕ್ಕೆ. ಹಸಿರು ಶಾಯಿಯಲ್ಲಿ ಟಿಕ್ ಹಾಕಿದೆ.
ಶ್ರಾವಣದಲ್ಲಿ ಬ್ಯಾಂಕಿನವರು ಬೀಗ ಒಡೆದರೆ
ಹಿಂದೆಲ್ಲ ಬರೀ ಹೊಟ್ಟು.
ಕೆಲಸ ಹೋದದ್ದು ಜವರಪ್ಪನದು.

‘ಇಂಥ ಸುಳಿವು ಸಿಕ್ಕರೆ ನೀವೇನು ಮಾಡುತ್ತೀರಿ?’
ಮೊದಲು ಎದ್ದ ಕೈ ನನ್ನದೇ.
ಉತ್ತರ ಸರಿಯಿತ್ತು. ಬಹುಮಾನ ಒಂದು ಪೆನ್ನು.

ಊಟವಾದ ಮೇಲೆ ಹಾಜರಿ ಹಾಳೆ ಸುತ್ತತೊಡಗಿತು.
ಜೇಬಿನಲ್ಲಿ ಫೋನು ನಡುಗಿತು, ಚಂದ್ರಕೀರ್ತಿಯ ಸಂದೇಶ:
‘ಅರಸೀಕೆರೇಲಿದೀನಿ, ನಂದೂ ಒಂದು ಗೀಚ್ಬಿಡು ಗುರುವೇ.’
ಅವನ ಸಹಿ ನನಗೆ ಕೈಪಾಠ,
ಕೊನೆಯ ಕೊಂಡಿ, ಕೆಳಗಿನ ಎರಡು ಚುಕ್ಕಿ ಸಮೇತ.
ಬಹುಮಾನದ ಪೆನ್ನಿನ ಮುಚ್ಚಳ ತೆಗೆದೆ.

ಪಕ್ಕದಲ್ಲಿ ಈ ವರ್ಷ ತಾನೇ ಪಾಸಾದ ಹುಡುಗಿ,
ಚೀಲದ ಜಿಪ್ಪು ಎಳೆಯುತ್ತಾ, ತೆಗೆಯುತ್ತಾ,
‘ಸರ್, ನಿಮ್ಮ ಸಾಲು ಇನ್ನೂ ಕೆಳಗಿದೆ’
ಅಂದಳು, ಗೋಡೆಗೆ.